ಮರಣ ವಾರ್ತೆಯ ಪುಟದಿಂದಲೇ ಶುರು ಮಾಡಲಿ

ಓದುಗರ ಪತ್ರ: ನನ್ನ ಮಗಳು ಡಿಸೈನ್ ಓದುತ್ತಿದ್ದಾಳೆ. ಆಗಸ್ಟ್, ಸೆಪ್ಟೆಂಬರ್ ಎರಡು ತಿಂಗಳು ಎಲ್ಲಾದರೂ ಕೆಲಸ ಕಲಿತು ಬನ್ನಿ ಎಂದು ಕಾಲೇಜಿನವರು ಹೇಳಿದ್ದಾರೆ. ಗೆಳತಿಯರೆಲ್ಲ ಬೆಂಗಳೂರಿನ ಜಾಹೀರಾತು ಕಂಪನಿಗಳಿಗೆ ಹೊರಟಿದ್ದರೆ ಇವಳು ಕರಾವಳಿಯ ಕ್ರೈಸ್ತರ ಪತ್ರಿಕೆಯೊಂದನ್ನು ಹಿಡಿದಿದ್ದಾಳೆ. ನಾವು ಆ ಧರ್ಮದವರೂ ಅಲ್ಲ. ಸತ್ತವರ ಫೋಟೊ, ಹಬ್ಬದ ಶುಭಾಶಯ ಬಿಟ್ಟರೆ ಅಲ್ಲಿ ಕಲಿಯೋದು ಏನಿದೆ? ಎರಡು ತಿಂಗಳು ಸುಮ್ನೆ ದಂಡ ಅಲ್ವಾ?
– ಒಬ್ಬ ತಂದೆ, ಶಿವಮೊಗ್ಗ

ಸಂಪಾದಕರ ಉತ್ತರ: ನಿಮ್ಮ ಮಗಳಿಗೆ ಮೊದಲು ನನ್ನ ಶಾಬಾಸ್ ತಿಳಿಸಿ. ಆಮೇಲೆ ನಿಮ್ಮ ಹತ್ತಿರ ಸ್ವಲ್ಪ ಜಗಳ ಇದೆ.

ಜಾಹೀರಾತು ಕಂಪನಿಯಲ್ಲಿ ದೊಡ್ಡ ಹೆಸರು ಸಿಗುತ್ತದೆ, ನಾಲ್ಕು ಜನರ ಪರಿಚಯ ಆಗುತ್ತದೆ, ಮುಂದೆ ಕೆಲಸ ಹುಡುಕುವಾಗ ಅನುಕೂಲ. ಒಪ್ಪಿದೆ. ಆದರೆ ಅಲ್ಲಿಗೆ ಹೋಗಿ ಬಂದ ಎಷ್ಟೋ ಮಕ್ಕಳು ನನ್ನ ಮುಂದೆ ಕೂತು ಹೇಳಿದ್ದು ಒಂದೇ ಮಾತು: ಯಾರೋ ಮಾಡಿಟ್ಟ ಅಚ್ಚಿನಲ್ಲಿ ಬಣ್ಣ ಬದಲಾಯಿಸಿದೆವು, ಅಳತೆ ಬದಲಾಯಿಸಿದೆವು. ಅದನ್ನು ಯಾರು ನೋಡಿದರು, ನೋಡಿ ಏನಂದರು, ಒಬ್ಬರಿಗೂ ಗೊತ್ತಿಲ್ಲ.

ಸತ್ತವರ ಫೋಟೊ ಅಂದಿರಿ. ಅಲ್ಲಿಂದಲೇ ಶುರು ಮಾಡೋಣ. 90ರ ದಶಕದ ಶುರುವಿನಲ್ಲಿ ನಾನು ಒಂದು ಸಮುದಾಯದ ಮಾಸಿಕದಲ್ಲಿ ಪುಟ ಕಟ್ಟುವ ಹುಡುಗನಾಗಿದ್ದೆ. ಬ್ರೋಮೈಡ್ ಹಾಳೆಯ ಮೇಲೆ ಬಂದ ಅಕ್ಷರಗಳನ್ನು ಕಟರ್‌ನಿಂದ ಕತ್ತರಿಸಿ ಅಂಟಿಸುವ ಕಾಲ. ಒಂದು ಸಂಚಿಕೆಯಲ್ಲಿ ಎರಡು ಮರಣ ವಾರ್ತೆಗಳ ಫೋಟೊ ಅದಲು ಬದಲು ಅಂಟಿಸಿಬಿಟ್ಟೆ. ಎರಡು ದಿನ ಬಿಟ್ಟು ಒಬ್ಬ ಅಜ್ಜಿ ಕಚೇರಿಗೆ ಬಂದರು. ಬೈಯಲಿಲ್ಲ. ಚೀಲದಿಂದ ಆ ಪುಟ ತೆಗೆದು ನನ್ನ ಮೇಜಿನ ಮೇಲೆ ಬಿಡಿಸಿದರು. ಗಂಡನ ಫೋಟೊ ಕತ್ತರಿಸಿ, ಅವರ ಹೆಸರಿನ ಮೇಲೆ ತಾವೇ ಅನ್ನದ ಅಗುಳಿನಿಂದ ಅಂಟಿಸಿದ್ದರು. ಅಂಚಿನಲ್ಲಿ ಅಗುಳು ಒಣಗಿ ಕಾಗದ ಸುಕ್ಕಾಗಿತ್ತು. "ಹೀಗೆ ಬರಬೇಕಿತ್ತು ಮಗಾ" ಅಂದರು. ಅವತ್ತಿನಿಂದ ಇವತ್ತಿನವರೆಗೆ, ಫೋಟೊದ ಹಿಂದೆ ಬರೆದ ಹೆಸರನ್ನು ಎರಡು ಸಲ ಓದದೆ ನಾನು ಯಾವ ಪುಟವನ್ನೂ ಮುದ್ರಣಕ್ಕೆ ಬಿಟ್ಟಿಲ್ಲ. ಇದನ್ನು ಯಾವ ಕಾಲೇಜು ಕಲಿಸುತ್ತದೆ ಹೇಳಿ?

ನಿಮ್ಮ ಮಗಳ ಕೈಗೆ ಬರುವ ಫೋಟೊಗಳೂ ಹಾಗೆಯೇ ಇರುತ್ತವೆ. ಯಾವುದೋ ಮದುವೆಯ ಗುಂಪಿನಿಂದ ಕತ್ತರಿಸಿದ ಮುಖ, ಪಕ್ಕದಲ್ಲಿ ಇನ್ಯಾರದೋ ಅರ್ಧ ಭುಜ. ಆ ಮುಖವನ್ನು ಮರ್ಯಾದೆಯಿಂದ ಪುಟದಲ್ಲಿ ಕೂರಿಸುವುದು ಸಣ್ಣ ಕೆಲಸ ಅಲ್ಲ. ಆ ಪುಟ ರದ್ದಿಗೆ ಹೋಗುವುದಿಲ್ಲ, ಪ್ರಾರ್ಥನೆ ಪುಸ್ತಕದೊಳಗೆ ಸೇರುತ್ತದೆ.

ಇನ್ನು ಧರ್ಮದ ಮಾತು. ಬೇರೆಯವರ ಮನೆಗೆ ಹೋದಾಗಲೇ ಕಣ್ಣು ಚುರುಕಾಗುವುದು. ಕ್ಯಾಥೊಲಿಕರ ವರ್ಷಕ್ಕೆ ಅದರದೇ ಬಣ್ಣಗಳಿವೆ. ಕ್ರಿಸ್ಮಸ್‌ಗೆ ಮುಂಚಿನ ವಾರಗಳಿಗೂ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಿಗೂ ನೇರಳೆ, ಈಸ್ಟರ್‌ಗೆ ಬಿಳಿ, ಪವಿತ್ರಾತ್ಮ ಇಳಿದುಬಂದ ಹಬ್ಬವಾದ ಪಂಚಾಶತ್ತಮಕ್ಕೆ ಕೆಂಪು, ಈ ವಿಶೇಷ ಕಾಲಗಳ ಹೊರಗಿನ ಸಾಧಾರಣ ಕಾಲಕ್ಕೆ ಹಸಿರು. ಗುಡ್ ಫ್ರೈಡೇ ಪುಟಕ್ಕೆ ಕಣ್ಣಿಗೆ ಚೆಂದ ಎಂದು ಹಸಿರು ಬಳಿದರೆ ಓದುಗರು ಸುಮ್ಮನಿರುತ್ತಾರಾ? ಉರ್ದು ಪತ್ರಿಕೆಗಳು ಕುರಾನಿನ ಸಾಲು ಅಚ್ಚಾದ ಪುಟವನ್ನು ಗೌರವದಿಂದ ಇಟ್ಟುಕೊಳ್ಳಿ ಎಂದು ಓದುಗರಲ್ಲಿ ಕೇಳಿಕೊಳ್ಳುತ್ತವೆ. ಜೈನರ ಪತ್ರಿಕೆಯ ಅಡುಗೆ ಪುಟಕ್ಕೆ ಈರುಳ್ಳಿಯ ಚಿತ್ರ ಹಾಕಲಾಗದು. ಬಣ್ಣಕ್ಕೆ, ಚಿತ್ರಕ್ಕೆ, ಮಡಿಕೆ ಬೀಳುವ ಜಾಗಕ್ಕೆ ಕೂಡ ಅರ್ಥ ಇದೆ ಅನ್ನುವುದು ಇಂಥ ಕಡೆ ಮೊದಲ ವಾರದಲ್ಲೇ ತಲೆಗೆ ಹೋಗುತ್ತದೆ.

ಅಷ್ಟಕ್ಕೂ ಕನ್ನಡ ಪತ್ರಿಕೆ ಹುಟ್ಟಿದ್ದೇ ಇಂಥ ಮನೆಯಲ್ಲಿ. 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಟಿತು. ತಂದವರು ಬಾಸೆಲ್ ಮಿಶನ್ನಿನ ಪಾದ್ರಿ ಹರ್ಮನ್ ಮೋಗ್ಲಿಂಗ್. ಬರೀ ಧರ್ಮೋಪದೇಶ ಅಲ್ಲ, ಊರ ಸುದ್ದಿ, ಸರಕಾರದ ಸುದ್ದಿ ಅದರಲ್ಲಿತ್ತು. ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಅಂದರೆ ಸೀಸದ ಅಚ್ಚುಮೊಳೆ ಜೋಡಿಸುವುದಿಲ್ಲ, ಯಾರೋ ಒಬ್ಬರು ಕೂತು ಪುಟಕ್ಕೆ ಪುಟವನ್ನೇ ಕೈಯಲ್ಲಿ ಬರೆಯಬೇಕು. ಇವತ್ತು ನಿಮ್ಮ ಮಗಳು ಮಾಡಹೊರಟಿರುವ ಕೆಲಸ ಅದೇ. ಚೆನ್ನೈನಲ್ಲಿ 1927ರಲ್ಲಿ ಶುರುವಾದ 'ದಿ ಮುಸಲ್ಮಾನ್' ಉರ್ದು ದಿನಪತ್ರಿಕೆಯನ್ನು ದಶಕಗಳ ಕಾಲ ಕಾತಿಬರು, ಅಂದರೆ ಅಂದದ ಕೈಬರಹದ ಲಿಪಿಕಾರರು, ಲೇಖನಿ ಹಿಡಿದು ಬರೆದರು. ಕೊನೇ ಗಳಿಗೆಯ ಸುದ್ದಿಗೆಂದು ಮುಖಪುಟದ ಒಂದು ಮೂಲೆ ಖಾಲಿ ಬಿಡುತ್ತಿದ್ದರು. ಇನ್ನು ಬಾಸ್ಟನ್ನಿನಲ್ಲಿ 1908ರಲ್ಲಿ ಮೇರಿ ಬೇಕರ್ ಎಡ್ಡಿ ಶುರು ಮಾಡಿದ 'ಕ್ರಿಶ್ಚಿಯನ್ ಸೈನ್ಸ್ ಮಾನಿಟರ್' ಒಂದು ಚರ್ಚಿನ ಪತ್ರಿಕೆ. ಅದಕ್ಕೆ ಅಮೆರಿಕದ ಪತ್ರಿಕೋದ್ಯಮದ ದೊಡ್ಡ ಗೌರವವಾದ ಪುಲಿಟ್ಜರ್ ಬಹುಮಾನಗಳು ಬಂದಿವೆ. ಇವೆಲ್ಲ ದಂಡವೇ?

ನನ್ನ ಹೊಟ್ಟೆಯುರಿ ಬೇರೆ ಇದೆ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಡಿಸೈನ್ ಕಾಲೇಜುಗಳಲ್ಲಿ ಅಕ್ಷರ ಅಂದರೆ ಇಂಗ್ಲಿಷ್ ಅಕ್ಷರ. ಮೂರು ವರ್ಷ ಓದಿ ಬಂದ ಮಗುವಿಗೆ ಕನ್ನಡದ ಒಂದು ತಲೆಬರಹ ಕೂರಿಸಲು ಬರುವುದಿಲ್ಲ. 'ಸ್ತ್ರೀ' ಅಂತ ಬರೆದರೆ ಕೆಳಗೆ ಎರಡು ಒತ್ತು ಇಳಿಯುತ್ತವೆ. ಅದರ ಕೆಳಗಿನ ಸಾಲಿನಲ್ಲಿ 'ಕೀ' ಬಂದರೆ ಅದರ ಗುಡಿಸು ಮೇಲಕ್ಕೇಳುತ್ತದೆ. ಇಂಗ್ಲಿಷಿನ ಅಂತರವನ್ನೇ ಇಟ್ಟರೆ ಎರಡೂ ಡಿಕ್ಕಿ ಹೊಡೆಯುತ್ತವೆ. ಹಳೇ ನುಡಿ ಫಾಂಟಿನಲ್ಲಿ ಬಂದ ಲೇಖನವನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತಕ್ಕೆ, ತಂದಾಗ ಎಲ್ಲಿ ಒಡೆದಿದೆ ಅಂತ ಹುಡುಕಬೇಕು. ಪುಟ ಕಟ್ಟುವ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ನಮ್ಮ ಲಿಪಿಗಳಿಗೆ ಬೇಕಾದ ವರ್ಲ್ಡ್ ರೆಡಿ ಕಂಪೋಸರ್ ಅನ್ನುವ ಆಯ್ಕೆಯನ್ನು ಆರಿಸದಿದ್ದರೆ ಒತ್ತಕ್ಷರ ಚೆಲ್ಲಾಪಿಲ್ಲಿ. ಇದೆಲ್ಲ ಕೈಗೆ ಹತ್ತುವುದು ವಾರ ವಾರ ಪುಟ ಹೊರಡಲೇಬೇಕಾದ ಸಣ್ಣ ಕಚೇರಿಯಲ್ಲಿ, ಪಕ್ಕದಲ್ಲಿ ಕೂತ ಹಿರಿಯರು "ಇನ್ನೊಂದು ಪಾಯಿಂಟ್ ಬಿಡು" ಅಂದಾಗ. ರಾಜ್ಯದ ಮಕ್ಕಳಿಗೆ ರಾಜ್ಯದ ಲಿಪಿಯನ್ನು ಕಲಿಸದ ಪಠ್ಯವನ್ನು ನಾವು ಇಷ್ಟು ವರ್ಷ ಹೇಗೆ ಸಹಿಸಿಕೊಂಡೆವು ಅಂತ ನನಗೆ ಸಂಕಟವಾಗುತ್ತದೆ.

ಹಾಗಂತ ಸಮುದಾಯದ ಪತ್ರಿಕೆ ತನ್ನವರ ತಪ್ಪನ್ನು ಜೋರಾಗಿ ಹೇಳುವುದು ಕಡಿಮೆ. ಅದನ್ನೂ ಅವಳು ಗಮನಿಸಲಿ. ಸಂಬಳ ಅಲ್ಲದಿದ್ದರೂ ಬಸ್ಸು, ಊಟದ ಖರ್ಚನ್ನು ಸಂಕೋಚ ಬಿಟ್ಟು ಕೇಳಲಿ. ಬಿಟ್ಟಿ ದುಡಿಸುವ ಚಾಳಿ ದೊಡ್ಡವರಲ್ಲೂ ಇದೆ, ಸಣ್ಣವರಲ್ಲೂ ಇದೆ.

ಸೆಪ್ಟೆಂಬರ್ 8ಕ್ಕೆ ಅಲ್ಲಿ ಮೊಂತಿ ಹಬ್ಬ. ಮರಿಯಮ್ಮನ ಹುಟ್ಟುಹಬ್ಬ, ಹೊಸ ತೆನೆ ಮನೆಗೆ ತರುವ ದಿನ. ಮಕ್ಕಳು ಬುಟ್ಟಿ ತುಂಬಾ ಹೂ ತಂದು ಅರ್ಪಿಸುತ್ತಾರೆ. ಆ ವಾರದ ಪುಟ ಕಟ್ಟುವ ಭಾಗ್ಯ ಅವಳಿಗೆ ಸಿಕ್ಕರೆ ಒಂದು ಪ್ರತಿ ನನಗೆ ಕಳಿಸಲು ಹೇಳಿ. ಜೊತೆಗೆ ನೀವೂ ಒಂದು ದಿನ ಮಂಗಳೂರಿಗೆ ಹೋಗಿ, ಅವಳ ಪಕ್ಕ ಕೂತು, ಅವಳು ಮರಣ ವಾರ್ತೆಯ ಒಂದು ಫೋಟೊ ಕೂರಿಸುವುದನ್ನು ನೋಡಿ ಬನ್ನಿ.