ಬಿದಿರಿನ ಮೇಲಿನ ಚೇಳು ಏನು ಹೇಳುತ್ತದೆ?

ಪ್ರಶ್ನೆ: ಇಂಡೊನೇಷ್ಯಾದ ಸುಮಾತ್ರಾ ದ್ವೀಪದ ಬಟಕ್ ಜನರ ಬಿದಿರಿನ ಕ್ಯಾಲೆಂಡರ್ ಒಂದರ ಫೋಟೊ ನೋಡಿದೆ. ತುಂಬಾ ಸಣ್ಣ ಚೌಕಗಳು, ನಡುವೆ ಅಲ್ಲಲ್ಲಿ ಚೇಳಿನ ಚಿತ್ರ. ಇದರಲ್ಲಿ ಇಸವಿ ಎಲ್ಲಿದೆ? ನಮ್ಮ ಪಂಚಾಂಗಕ್ಕೂ ಇದಕ್ಕೂ ಏನಾದರೂ ನಂಟಿದೆಯಾ?

ಉತ್ತರ: ಇಸವಿ ಅದರಲ್ಲಿ ಇಲ್ಲವೇ ಇಲ್ಲ. ಟೋಬಾ ಸರೋವರದ ಸುತ್ತಲಿನ ಬಟಕ್ ಜನ ಇದನ್ನು ಪೊರ್ಹಲಾನ್ ಅನ್ನುತ್ತಾರೆ. ವರ್ಷ ಎಣಿಸುವುದು ಇದರ ಕೆಲಸವಲ್ಲ. ಮದುವೆಗೆ, ಮನೆ ಕಟ್ಟಲು, ಪ್ರಯಾಣ ಹೊರಡಲು ಯಾವ ದಿನ ಒಳ್ಳೆಯದು ಎಂದು ‘ದಾತು’, ಅಂದರೆ ಅವರ ಪುರೋಹಿತ-ವೈದ್ಯ, ಇದನ್ನು ನೋಡಿ ಹೇಳುತ್ತಿದ್ದ. ತಿಂಗಳಿಗೊಂದು ಸಾಲು, ಸಾಲಿಗೆ 30 ಚೌಕ. ಸಾಮಾನ್ಯವಾಗಿ 12 ಸಾಲು, ಕೆಲವು ಬಿದಿರುಗಳಲ್ಲಿ 13.

ನನಗೆ ತುಂಬಾ ಇಷ್ಟವಾದದ್ದು ಆ ಚೇಳು. ಅದು ವೃಶ್ಚಿಕ ನಕ್ಷತ್ರಪುಂಜ. ಚಂದ್ರ ಆ ಪುಂಜದ ಹತ್ತಿರ ಇರುವ ದಿನಗಳಲ್ಲಿ ಚೇಳನ್ನು ಕೊರೆಯುತ್ತಾರೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು 29.5 ದಿನ. ಆದರೆ ಚಂದ್ರ ಅದೇ ನಕ್ಷತ್ರಗಳ ಬಳಿಗೆ 27.3 ದಿನಕ್ಕೇ ವಾಪಸ್ ಬರುತ್ತಾನೆ. ಹಾಗಾಗಿ ಪ್ರತಿ ತಿಂಗಳೂ ಚೇಳು ಎರಡು ದಿನಕ್ಕಿಂತ ಸ್ವಲ್ಪ ಜಾಸ್ತಿ ಹಿಂದೆ ಸರಿಯುತ್ತದೆ, ಬಿದಿರಿನ ಮೇಲೆ ಓರೆಯಾಗಿ ಸಾಲುಗಟ್ಟುತ್ತದೆ. ಅಂದರೆ ಅದು ಬರೀ ಅಲಂಕಾರವಲ್ಲ, ಕಣ್ಣಾರೆ ಕಂಡ ಲೆಕ್ಕ.

ವರ್ಷ ಶುರುವಾಗುವುದು ಮೇ ತಿಂಗಳ ಆಸುಪಾಸಿನಲ್ಲಿ. ಆಗ ಸಂಜೆ ಪಶ್ಚಿಮದಲ್ಲಿ ಓರಿಯನ್ ನಕ್ಷತ್ರಪುಂಜ ಮುಳುಗುತ್ತದೆ, ಪೂರ್ವದಲ್ಲಿ ವೃಶ್ಚಿಕ ಏರುತ್ತದೆ. ಆ ತಿಂಗಳ ಚಂದ್ರ ಚೇಳಿನ ಹತ್ತಿರ ಬರುವಾಗ ಹೆಚ್ಚುಕಮ್ಮಿ ಹುಣ್ಣಿಮೆ. 12 ಚಾಂದ್ರಮಾಸ ಸೇರಿದರೆ 354 ದಿನ ಮಾತ್ರ, ಅಲ್ವಾ? ವರ್ಷಕ್ಕೆ 11 ದಿನ ಕಡಿಮೆ ಬೀಳುತ್ತದೆ. ಹುಣ್ಣಿಮೆ ಕಳೆದರೂ ಚಂದ್ರ ಚೇಳಿನ ಬಳಿ ಬಂದಿಲ್ಲ ಅಂದರೆ ತಿಂಗಳು ಬೇಗ ಬಂದಿದೆ ಎಂದು ಅರ್ಥ. ನಾವು ಅಧಿಕ ಮಾಸ ಹಾಕಿ ಸರಿಮಾಡುವುದೂ ಇದೇ ವ್ಯತ್ಯಾಸವನ್ನೇ.

ನಂಟಿನ ವಿಷಯ. ತಿಂಗಳ ಮೊದಲ ಏಳು ದಿನಗಳ ಹೆಸರು ಕೇಳಿ: ಆರ್ತಿಯ, ಸುಮ, ಅಂಗಾರ, ಮುದ, ಬೊರಾಸ್ಪತಿ, ಸಿಂಕೋರ, ಸಮಿಸಾರ. ಆದಿತ್ಯನಿಂದ ಶನೈಶ್ಚರನವರೆಗೆ ನಮ್ಮ ವಾರಗಳೇ! ಆದರೆ ಅವರಲ್ಲಿ ತಿಂಗಳ 30 ದಿನಕ್ಕೂ ಬೇರೆ ಬೇರೆ ಹೆಸರಿದೆ. ಈ ಹೆಸರುಗಳು ಯಾವ ದಾರಿಯಲ್ಲಿ ಹೋದವು ಎಂದು ಒಂದೇ ಮಾತಲ್ಲಿ ಹೇಳಲಾಗದು. ಸುಮಾತ್ರಾದ ಪಶ್ಚಿಮ ಕರಾವಳಿಯ ಬಾರುಸ್ ಬಳಿ 1088ರ ತಮಿಳು ಶಾಸನವೊಂದು ಸಿಕ್ಕಿದೆ. ಅದು ಐನೂರ್ವರ್ ವರ್ತಕ ಸಂಘದ್ದು, ನಮ್ಮ ಐಹೊಳೆಯ ಹೆಸರು ಹೊತ್ತ ಅದೇ ಸಂಘ. ವ್ಯಾಪಾರದ ಒಡನಾಟ ಅಷ್ಟು ಹಳೆಯದು. ಜಾವಾ, ಮಲಯ ನಾಡುಗಳ ಮೂಲಕವೂ ಇಂಥ ವಿದ್ಯೆ ಬಂದಿರಬಹುದು. ಹಾಗಂತ ಇದು ನಮ್ಮ ಪಂಚಾಂಗದ ನಕಲು ಎಂದರೆ ತಪ್ಪಾಗುತ್ತದೆ. ಚೇಳನ್ನು ಕಾವಲಿಟ್ಟು ತಿಂಗಳು ತಿದ್ದುವ ಬಗೆ ಅವರದೇ.

ಇದು ಬರೀ ಮ್ಯೂಸಿಯಂ ವಸ್ತುವೂ ಅಲ್ಲ. ಟೋಬಾ ಸೀಮೆಯ ಲಗುಬೋಟಿ ಊರಿನ ಬಳಿ, ಬಟಕರ ಹಳೆಯ ಧರ್ಮವನ್ನು ಪಾಲಿಸುವ ಪರ್ಮಾಲಿಂ ಸಮುದಾಯದವರು ‘ಸಿಪಾಹ ಸಾದ’, ಅಂದರೆ ಮೊದಲ ತಿಂಗಳ ಹಬ್ಬವನ್ನು ಈಗಲೂ ಆಚರಿಸುತ್ತಾರೆ.