ಎಮೆರಿಗಿಂತ ಮೊದಲು ನೆನೆಯಬೇಕಾದವರು ಡೀನ್ ಸ್ಮಿತ್

"ಆಸ್ಟನ್ ವಿಲ್ಲಾ ಎರಡನೇ ದರ್ಜೆಯಿಂದ ಇಷ್ಟು ಮೇಲೆ ಬಂದದ್ದು ಉನಾಯ್ ಎಮೆರಿಯಿಂದಲೋ, ಮಾಲೀಕರ ದುಡ್ಡಿನಿಂದಲೋ?" ಅಂತ ಕೇಳಿದ್ದೀರಿ. ನಾನು ಚಿಕ್ಕಮಗಳೂರಿನವನು, ಇಂಗ್ಲೆಂಡಿನ ಈ ಫುಟ್‌ಬಾಲ್ ತಂಡ ವಾರವಾರವೂ ಸೋಲುತ್ತಿದ್ದ ಕಾಲದಿಂದ ನೋಡಿಕೊಂಡು ಬಂದಿದ್ದೇನೆ. ಕೋಚ್ ಎಮೆರಿ, ಮಾಲೀಕರ ದುಡ್ಡು, ಎರಡರ ಪಾಲೂ ಇದೆ. ಆದರೆ ನಾನು ಮೊದಲು ಹೇಳುವ ಹೆಸರು ಎಮೆರಿಗೂ ಮುಂಚೆ ಕೋಚ್ ಆಗಿದ್ದ ಡೀನ್ ಸ್ಮಿತ್ ಅವರದು.

1982ರಲ್ಲಿ ಬಯರ್ನ್ ಮ್ಯೂನಿಕ್ ತಂಡವನ್ನು ಸೋಲಿಸಿ ಯುರೋಪಿಯನ್ ಕಪ್ ಎತ್ತಿದ್ದ ಕ್ಲಬ್ಬು, 2015–16ರಲ್ಲಿ 38 ಪಂದ್ಯಗಳಲ್ಲಿ ಮೂರನ್ನಷ್ಟೇ ಗೆದ್ದು ಎರಡನೇ ದರ್ಜೆಗೆ ಇಳಿಯಿತು. ಕೋಚ್ ಆಗಿ ಡಿ ಮ್ಯಾಟಿಯೊ ಬಂದು ಹೋದರು. ಅವರ ನಂತರ ಸ್ಟೀವ್ ಬ್ರೂಸ್, ಮೇಲಿನ ದರ್ಜೆಗೆ ಏರುವ ಕೊನೆಯ ಸ್ಥಾನಕ್ಕಾಗಿ ನಡೆಯುವ 2018ರ ಪ್ಲೇಆಫ್ ಫೈನಲ್ ಮುಟ್ಟಿಸಿದರೂ ಫುಲ್‌ಹ್ಯಾಮ್ ಎದುರು ಸೋತರು. ಆ ಬೇಸಿಗೆಯಲ್ಲಿ ತೆರಿಗೆ ಕಟ್ಟಲೂ ಕ್ಲಬ್ಬಿನ ಹತ್ತಿರ ದುಡ್ಡಿರಲಿಲ್ಲ. ನೀವು ಹೇಳುವ ಮಾಲೀಕರು, ಸವಿರಿಸ್ ಮತ್ತು ಈಡನ್ಸ್, ಕ್ಲಬ್ಬನ್ನು ಕೊಂಡುಕೊಂಡದ್ದು ಆಗಲೇ. ದುಡ್ಡು ಉಸಿರು ಉಳಿಸಿದ್ದು ಆ ಹೊತ್ತಿನಲ್ಲಿ.

ಅಕ್ಟೋಬರ್‌ನಲ್ಲಿ ಸ್ಮಿತ್ ಬಂದರು. ಹುಡುಗನಾಗಿದ್ದಾಗಿನಿಂದ ವಿಲ್ಲಾ ಅಭಿಮಾನಿ. ಅವರ ತಂದೆ ತಂಡದ ಮೈದಾನ ವಿಲ್ಲಾ ಪಾರ್ಕ್‌ನಲ್ಲಿ ಜನರನ್ನು ಸೀಟಿಗೆ ಕೂರಿಸುವ ಕೆಲಸ ಮಾಡಿದವರು. ಮಾರ್ಚ್ ಹೊತ್ತಿಗೆ ಶುರುವಾದ ಓಟ ಸತತ ಹತ್ತು ಗೆಲುವಿಗೆ ಹೋಗಿ ನಿಂತಿತು. 2019ರ ಮೇ 27ರಂದು ಡರ್ಬಿ ಕೌಂಟಿ ಎದುರು ಪ್ಲೇಆಫ್ ಫೈನಲ್. ಇಲ್ಲಿ ಸಂಜೆ ಮಳೆ ಹೊಡೆದು ಕರೆಂಟ್ ಹೋಗಿತ್ತು. ಉಳಿದಿದ್ದ ಚಾರ್ಜಿನಲ್ಲಿ ಮೊಬೈಲಿನಲ್ಲೇ ನೋಡಿದೆ. ಎಲ್ ಗಾಜಿ ಒಂದು, ಮೆಕ್‌ಗಿನ್ ಒಂದು, 2–1. ಕತ್ತಲಲ್ಲಿ ಒಬ್ಬನೇ ಕೂತು ಅತ್ತಿದ್ದೇನೆ.

ಮರುವರ್ಷ ಮೊದಲ ದರ್ಜೆಯ ಪ್ರೀಮಿಯರ್ ಲೀಗಿನಲ್ಲಿ ಮತ್ತೆ ಕೆಳಗೆ ಬೀಳದೆ ಒಂದೇ ಒಂದು ಅಂಕದಿಂದ ಬಚಾವಾದರು. ಶೆಫೀಲ್ಡ್ ಯುನೈಟೆಡ್ ಪಂದ್ಯದಲ್ಲಿ ಎದುರಾಳಿಯ ಚೆಂಡು ವಿಲ್ಲಾ ಗೋಲಿನ ಗೆರೆ ದಾಟಿದ್ದರೂ ಗೋಲ್‌ಲೈನ್ ಯಂತ್ರ ಸುಮ್ಮನಿದ್ದುಬಿಟ್ಟದ್ದು ಅದೇ ವರ್ಷ. ಅದೃಷ್ಟ ಇತ್ತು, ಒಪ್ಪುತ್ತೇನೆ.

ಆದರೆ ಆ ಎರಡು ವರ್ಷಗಳಲ್ಲಿ ಸ್ಮಿತ್ ಕಾಲದಲ್ಲಿ ಬಂದವರನ್ನು ನೋಡಿ: ಮಿಂಗ್ಸ್, ಕಾನ್ಸಾ, ಡಗ್ಲಸ್ ಲೂಯಿಸ್, ಕ್ಯಾಶ್, ಮಾರ್ಟಿನೆಜ್, ವಾಟ್ಕಿನ್ಸ್. 2023–24ರಲ್ಲಿ ಎಮೆರಿಯ ತಂಡ ನಾಲ್ಕನೇ ಸ್ಥಾನಕ್ಕೆ ಬಂದಾಗ, ಗಾಯಾಳು ಮಿಂಗ್ಸ್ ಒಬ್ಬರನ್ನು ಬಿಟ್ಟರೆ, ಅದರ ಬೆನ್ನೆಲುಬು ಇವರೇ. ಅರೇಬಿಕಾ ನೆಟ್ಟು ಮೂರ್ನಾಲ್ಕು ವರ್ಷ ಫಸಲಿಗೆ ಕಾಯುವ ನಮ್ಮೂರಿನವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ನಾಯಕನಾಗಿದ್ದ ಗ್ರೀಲಿಶ್‌ರನ್ನು 10 ಕೋಟಿ ಪೌಂಡಿಗೆ ಮಾರಿದ ಮೇಲೆ, ಐದು ಸೋಲಿಗೆ ಸ್ಮಿತ್‌ರನ್ನು ಕಳಿಸಿಬಿಟ್ಟದ್ದು ನನಗೆ ಇವತ್ತಿಗೂ ನೋವು.

ಸ್ಮಿತ್ ನಂತರ ಕೋಚ್ ಆದ ಜೆರಾರ್ಡ್ ಕಾಲದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಒಂದು ವರ್ಷವೂ ತುಂಬಲಿಲ್ಲ.

ಎಮೆರಿಯ ಹಿರಿಮೆ ಕಾಣುವುದು ಅಲ್ಲೇ. 2022ರ ನವೆಂಬರ್‌ನಲ್ಲಿ ಕೈಗೆ ತೆಗೆದುಕೊಂಡದ್ದು ಬಹುಪಾಲು ಅದೇ ಆಟಗಾರರನ್ನು, ಕೆಳಗೆ ಬೀಳುವ ಅಂಚಿನಲ್ಲಿದ್ದ ತಂಡವನ್ನು. ಮೇ ತಿಂಗಳಿಗೆ ಏಳನೇ ಸ್ಥಾನ. ರಕ್ಷಣಾ ಸಾಲನ್ನು ಮೈದಾನದ ನಡುವಿಗೆ ತಂದು ಎದುರಾಳಿಗಳನ್ನು ಆಫ್‌ಸೈಡ್ ಬಲೆಗೆ ಕೆಡವಿದರು. ಚೆಂಡು ಗೋಲ್‌ಕೀಪರ್ ಮಾರ್ಟಿನೆಜ್ ಕಾಲಡಿಯಲ್ಲೇ ನಿಂತಿರುತ್ತದೆ. ಎದುರಾಳಿ ಸಹನೆಗೆಟ್ಟು ಮುಂದೆ ಬಂದರೆ ಅವನ ಬೆನ್ನ ಹಿಂದಿನ ಜಾಗ ಇವರದು. ಇದು ದುಡ್ಡಿಗೆ ಸಿಗುವುದಲ್ಲ, ದಿನದಿನದ ಅಭ್ಯಾಸದಿಂದ ಬಂದದ್ದು.

2024ರ ಅಕ್ಟೋಬರ್ 2, ಹಿಂದಿನ ಯುರೋಪಿಯನ್ ಕಪ್ಪೇ ಆದ ಚಾಂಪಿಯನ್ಸ್ ಲೀಗ್, ಮತ್ತೆ ಬಯರ್ನ್. ನಮ್ಮ ಗಡಿಯಾರದಲ್ಲಿ ಮಧ್ಯರಾತ್ರಿ ಹನ್ನೆರಡೂವರೆಗೆ ಶುರು. ವಿಲ್ಲಾದ ಡುರಾನ್ ದೂರದಿಂದ ಎತ್ತಿ ಹೊಡೆದ ಚೆಂಡು ಮುಂದೆ ಬಂದಿದ್ದ ಬಯರ್ನ್ ಗೋಲ್‌ಕೀಪರ್ ನೋಯರ್ ತಲೆಯ ಮೇಲಿಂದ ಇಳಿಯಿತು. 1–0. 1982ರದ್ದೇ ಅಂಕಿ.

ನಿಮಗೆ ಬಿಡುವಾದಾಗ 2019ರ ಆ ಡರ್ಬಿ ಪಂದ್ಯವನ್ನು ಪೂರ್ತಿ ನೋಡಿ. ಎರಡನೇ ಗೋಲಿಗೆ ಕೀಪರ್ ಕೈಗಿಂತ ಮುಂಚೆ ತಲೆಯೊಡ್ಡುವ ಮೆಕ್‌ಗಿನ್, ಎಮೆರಿ ತಂಡದ ನಾಯಕನೂ ಅವನೇ.