ಬಾಳೆ ಸಿಪ್ಪೆ, ಕೊಕೋಪೀಟ್ ಹಾಕಿ ಸೋಸಿದರೆ ನೀರಿನ ಸೀಸ ಹೋಗುತ್ತದಾ?

ನೀವು ಕೇಳಿರುವುದು ಇಷ್ಟು: ಮನೆಯ ಬೋರ್‌ವೆಲ್ ನೀರಿನ ರಿಪೋರ್ಟ್‌ನಲ್ಲಿ ಸೀಸ ಲೀಟರಿಗೆ 0.04 ಮಿಲಿಗ್ರಾಂ ಬಂದಿದೆ. ಬಾಳೆ ಸಿಪ್ಪೆಯ ಪುಡಿ, ಕೊಕೋಪೀಟ್ ಹಾಕಿ ಸೋಸಿದರೆ ಶೇ 99ರಷ್ಟು ಹೋಗುತ್ತದೆ ಅಂತ ವಿಡಿಯೋದಲ್ಲಿ ನೋಡಿದ್ದೀರಿ. ಮನೆಯಲ್ಲೇ ಮಾಡಿಕೊಳ್ಳಬಹುದಾ?

ಕುಡಿಯುವ ನೀರಿಗೆ ಬೇಡ. ಹಾಗಂತ ವಿಡಿಯೋದವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ನಾನು ನೀರು ಪರೀಕ್ಷೆ ಮಾಡುವ ಲ್ಯಾಬ್ ಒಂದರಲ್ಲಿ ಕೆಲಸ ಮಾಡುತ್ತೇನೆ. ಎಂ.ಎಸ್ಸಿ. ಓದುವಾಗ ಅಡಿಕೆ ಸಿಪ್ಪೆಯ ಮೇಲೆ ಇದೇ ಪ್ರಾಜೆಕ್ಟ್ ಮಾಡಿದ್ದೆ. ಸಿಪ್ಪೆ, ಹೊಟ್ಟು, ನಾರು ಲೋಹವನ್ನು ಹಿಡಿಯುವುದು ನಿಜ. ಅವುಗಳಲ್ಲಿ ಸೆಲ್ಯುಲೋಸ್, ಲಿಗ್ನಿನ್, ಪೆಕ್ಟಿನ್ ಇರುತ್ತವೆ. ಅವುಗಳಲ್ಲಿರುವ ಕಾರ್ಬಾಕ್ಸಿಲ್ ಗುಂಪುಗಳು (ಆಮ್ಲದ ಗುಣವಿರುವ ಅಣುಭಾಗಗಳು) ನೀರಿನಲ್ಲಿ ಋಣ ವಿದ್ಯುದಂಶ ಪಡೆಯುತ್ತವೆ. ಸೀಸ, ತಾಮ್ರ, ಕ್ಯಾಡ್ಮಿಯಂ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಕಣಗಳು, ಧನ. ಮೊದಲೇ ಅಂಟಿಕೊಂಡಿದ್ದ ಕ್ಯಾಲ್ಸಿಯಂ, ಹೈಡ್ರೋಜನ್ನನ್ನು ಪಕ್ಕಕ್ಕೆ ತಳ್ಳಿ ಇವು ಆ ಜಾಗ ಹಿಡಿಯುತ್ತವೆ. ನೀರು ತುಂಬಾ ಹುಳಿಯಾಗಿದ್ದರೆ ಹೈಡ್ರೋಜನ್ ಜಾಗ ಬಿಟ್ಟುಕೊಡುವುದಿಲ್ಲ. ಅದಕ್ಕೇ ಸೀಸದ ಪ್ರಯೋಗಗಳನ್ನು ಸಾಮಾನ್ಯವಾಗಿ ಪಿಎಚ್ (ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ) 5ರ ಆಸುಪಾಸಿನಲ್ಲಿ ಮಾಡುತ್ತಾರೆ.

ಈಗ ಆ ಶೇ 99ರ ಲೆಕ್ಕ ನೋಡಿ. ಇಂಥ ಪ್ರಯೋಗಗಳಲ್ಲಿ ಬಟ್ಟಿ ಇಳಿಸಿದ ನೀರಿಗೆ ಲೆಡ್ ನೈಟ್ರೇಟ್ ಬೆರೆಸಿ, ಲೀಟರಿಗೆ 50, 100 ಮಿಲಿಗ್ರಾಂ ಸೀಸ ಇರುವ ದ್ರಾವಣ ಮಾಡಿಕೊಳ್ಳುವುದು ರೂಢಿ. ನೂರರಲ್ಲಿ ಶೇ 99 ತೆಗೆದರೆ ಉಳಿಯುವುದು 1 ಮಿಲಿಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ (ಬಿಐಎಸ್) ಇಟ್ಟಿರುವ ಮಿತಿ ಲೀಟರಿಗೆ 0.01. ಅಂದರೆ ಪ್ರಯೋಗ ಭರ್ಜರಿಯಾಗಿ ಗೆದ್ದ ಮೇಲೂ ಆ ನೀರಿನಲ್ಲಿ ಮಿತಿಗಿಂತ ನೂರು ಪಟ್ಟು ಸೀಸ ಇದೆ! ನಿಮ್ಮ ಸಮಸ್ಯೆ ಬೇರೆ ಥರದ್ದು. 0.04ನ್ನು 0.01ಕ್ಕೆ ಇಳಿಸಬೇಕು. ಅಷ್ಟು ಕಡಿಮೆ ಇದ್ದಾಗ ಒಂದೊಂದು ಗ್ರಾಂ ಸಿಪ್ಪೆ ಹಿಡಿಯುವ ಸೀಸವೂ ಕಡಿಮೆಯಾಗುತ್ತದೆ.

ಅದರ ಮೇಲೆ ಗಡಸುತನ. ನಮ್ಮ ಕಡೆಯ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟಿರುತ್ತದೆ ಅಂತ ನಿಮ್ಮ ಗೀಸರ್‌ನ ಕಾಯಿಲ್ ಮೇಲಿನ ಬಿಳಿ ಪದರವೇ ಹೇಳುತ್ತದೆ. ಸೀಸದ ಸಾವಿರಾರು ಪಟ್ಟು ಇರುವ ಆ ಅಯಾನುಗಳೂ ಅದೇ ಜಾಗಕ್ಕೆ ಪೈಪೋಟಿ ಮಾಡುತ್ತವೆ. ಸೀಸ ಗಟ್ಟಿಯಾಗಿ ಅಂಟುತ್ತದೆ, ನಿಜ. ಆದರೂ ಬಟ್ಟಿ ಇಳಿಸಿದ ನೀರಿನಲ್ಲಿ ಬಂದ ಅಂಕಿಯನ್ನು ಬೋರ್‌ವೆಲ್ ನೀರಿಗೆ ಹಾಗೇ ಎತ್ತಿಡಲು ಆಗುವುದಿಲ್ಲ. ಹಸಿ ಸಿಪ್ಪೆ ನೀರಿಗೆ ಕಂದು ಬಣ್ಣ ಬೇರೆ ಬಿಡುತ್ತದೆ, ನಾಲ್ಕು ದಿನಕ್ಕೆ ಕೊಳೆಯುತ್ತದೆ. ಸೀಸ ತೆಗೆಯಲು ಹೋಗಿ ಬ್ಯಾಕ್ಟೀರಿಯಾ ಕುಡಿಯುವುದು ಯಾಕೆ?

ಬಾಳೆ ಸಿಪ್ಪೆಯ ಕಥೆ ಎಲ್ಲೆಡೆ ಹರಡಿದ್ದು 2011ರಲ್ಲಿ ಬಂದ ಬ್ರೆಜಿಲ್‌ನ ಒಂದು ಸಂಶೋಧನೆಯಿಂದ. ಅವರು ನದಿ ನೀರಿನಲ್ಲಿದ್ದ ಅಲ್ಪ ಸ್ವಲ್ಪ ತಾಮ್ರ, ಸೀಸವನ್ನು ಸಿಪ್ಪೆಯ ಪುಡಿಯಲ್ಲಿ ಒಟ್ಟುಗೂಡಿಸಿ, ಆಮೇಲೆ ಯಂತ್ರದಲ್ಲಿ ಅಳೆದರು. ಅದು ಲೋಹವನ್ನು ಅಳೆಯುವ ದಾರಿ. ಸುದ್ದಿಯಾಗುವ ಹೊತ್ತಿಗೆ ಅದೇ ವಾಟರ್ ಫಿಲ್ಟರ್ ಆಗಿಬಿಟ್ಟಿತು.

ಹಾಗಾದರೆ ಇದೆಲ್ಲ ಸುಮ್ನೆ ಕಾಗದದ ಮೇಲಿನ ವಿಷಯವಾ? ನನಗೆ ಹಾಗನ್ನಿಸುವುದಿಲ್ಲ. ಇದರ ಜಾಗ ಅಡುಗೆಮನೆ ಅಲ್ಲ, ಕಾರ್ಖಾನೆಯ ಹಿತ್ತಿಲು. ಕ್ರೋಮ್ ಪ್ಲೇಟಿಂಗ್ ಘಟಕಗಳನ್ನೇ ತೆಗೆದುಕೊಳ್ಳಿ. ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿದ ವಿಷಯ ಬೆಂಗಳೂರಿನವರಿಗೆ ಹೊಸದಲ್ಲ. ಅಲ್ಲಿನ ಕಾಟ ಕ್ರೋಮಿಯಂನ ಹೆಚ್ಚು ವಿಷದ ರೂಪವಾದ ಹೆಕ್ಸಾವಲೆಂಟ್ ಕ್ರೋಮಿಯಂನದು. ಇದು ಸೀಸದ ಹಾಗೆ ಧನ ಅಯಾನು ಅಲ್ಲ, ಆಮ್ಲಜನಕದ ಜೊತೆ ಸೇರಿ ಋಣ ಅಯಾನಾಗಿ ಓಡಾಡುತ್ತದೆ. ಹಾಗಾಗಿ ಇಲ್ಲಿ ನಿಯಮ ತಿರುವುಮುರುವು: ನೀರು ಹುಳಿಯಾದಷ್ಟೂ ಒಳ್ಳೆಯದು. ಪಿಎಚ್ 2ರ ಹತ್ತಿರ ಹೊಟ್ಟಿನ ಮೇಲ್ಮೈ ಧನವಾಗಿ ಆ ಋಣ ಅಯಾನನ್ನು ಎಳೆದುಕೊಳ್ಳುತ್ತದೆ. ಇಷ್ಟೇ ಅಲ್ಲ. ಹೊಟ್ಟಿನಲ್ಲಿರುವ ಲಿಗ್ನಿನ್, ಟ್ಯಾನಿನ್ ತಾವೇ ಎಲೆಕ್ಟ್ರಾನ್ ಕೊಟ್ಟು ಅದನ್ನು ಕಡಿಮೆ ವಿಷದ ಟ್ರೈವಲೆಂಟ್ ರೂಪಕ್ಕೆ ಇಳಿಸುತ್ತವೆ. ಆಮೇಲೆ ಸುಣ್ಣ ಹಾಕಿ ಪಿಎಚ್ ಏರಿಸಿದರೆ ಅದು ಗಸಿಯಾಗಿ ಕೆಳಗೆ ಕೂರುತ್ತದೆ. ಕಾರ್ಖಾನೆಗಳಲ್ಲಿ ಹೀಗೆ ಟ್ರೈವಲೆಂಟ್ ರೂಪಕ್ಕೆ ಇಳಿಸಲು ಸೋಡಿಯಂ ಮೆಟಾಬೈಸಲ್ಫೈಟ್ ಎಂಬ ರಾಸಾಯನಿಕ ಸುರಿಯುತ್ತಾರೆ. ಅಡಿಕೆ ಸಿಪ್ಪೆ, ಕಾಫಿ ಹೊಟ್ಟು, ಶೇಂಗಾ ಸಿಪ್ಪೆ ಆ ಖರ್ಚಿನಲ್ಲಿ ಒಂದಷ್ಟು ಉಳಿಸಬಲ್ಲವು. ಮಲೆನಾಡಿನ ರಸ್ತೆ ಬದಿಯಲ್ಲಿ ರಾಶಿ ಬಿದ್ದಿರುವ ಅಡಿಕೆ ಸಿಪ್ಪೆ ನೋಡಿದಾಗಲೆಲ್ಲ ನನಗೆ ಇದೇ ಯೋಚನೆ. ಸಿಪ್ಪೆಯನ್ನು ಇದ್ದಿಲು ಮಾಡಿಕೊಂಡರೆ ಬಣ್ಣ ಬಿಡುವ ತೊಂದರೆಯೂ ತಪ್ಪುತ್ತದೆ. ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದವರು ತೆಂಗಿನ ನಾರಿನ ಪುಡಿಯ ಇದ್ದಿಲಿನ ಮೇಲೆ ಸಾಕಷ್ಟು ಕೆಲಸ ಮಾಡಿದ್ದಾರೆ.

ವಿಡಿಯೋದವರು ಹೇಳದೆ ಬಿಟ್ಟ ಮಾತು ಇನ್ನೊಂದಿದೆ. ಲೋಹ ಎಲ್ಲಿಗೂ ಮಾಯವಾಗುವುದಿಲ್ಲ, ನೀರಿನಿಂದ ಸಿಪ್ಪೆಗೆ ಹೋಗಿರುತ್ತದೆ. ಆ ಸಿಪ್ಪೆಯನ್ನು ದುರ್ಬಲ ಆಮ್ಲದಲ್ಲಿ ತೊಳೆದು ಲೋಹ ವಾಪಸ್ ಪಡೆಯಬಹುದು, ಆದರೆ ಆಗ ಕೈಯಲ್ಲಿ ಸೀಸ ಬೆರೆತ ಆಮ್ಲ ಇರುತ್ತದೆ. ಸುಟ್ಟರೆ ಬೂದಿಯಲ್ಲಿ ಕೂರುತ್ತದೆ. ಕಾರ್ಖಾನೆಯಾದರೆ ಅಪಾಯಕಾರಿ ತ್ಯಾಜ್ಯ ಅಂತ ಲೆಕ್ಕ ಬರೆದು, ಅದಕ್ಕೆಂದೇ ಇರುವ ಜಾಗಕ್ಕೆ ಕಳಿಸಬೇಕು. ಮನೆಯಲ್ಲಿ? ಕೊಕೋಪೀಟ್ ಅಲ್ವಾ ಅಂತ ಟೆರೇಸ್ ತೋಟದ ಕುಂಡಕ್ಕೆ ಸುರಿಯುತ್ತಾರೆ. ಅದರಲ್ಲೇ ಪಾಲಕ್ ಬೆಳೆದು ತಿನ್ನುತ್ತಾರೆ. ದಯವಿಟ್ಟು ಬೇಡ.

ನಿಮ್ಮ ಮನೆಗೆ ಬರೋಣ. ಮೊದಲು ಸೀಸ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ. ಎಷ್ಟೋ ಸಲ ಅದು ನೆಲದಿಂದ ಬಂದಿರುವುದಿಲ್ಲ, ಹಿತ್ತಾಳೆ ನಲ್ಲಿ ಅಥವಾ ಹಳೇ ಪಿವಿಸಿ ಪೈಪಿನಿಂದ ಬಂದಿರುತ್ತದೆ. ಪಿವಿಸಿ ಪೈಪಿಗೆ ಸೀಸ ಸೇರಿಸುವುದಕ್ಕೆ ಕಡಿವಾಣ ಹಾಕುವ ನಿಯಮ ನಮ್ಮಲ್ಲಿ ಬಂದಿದ್ದೇ 2021ರಲ್ಲಿ. ಬೋರ್‌ವೆಲ್ ಬಾಯಲ್ಲಿ, ಮೋಟಾರ್ ಸ್ವಲ್ಪ ಹೊತ್ತು ಓಡಿದ ಮೇಲೆ ಒಂದು ಸ್ಯಾಂಪಲ್ ಹಿಡಿಯಿರಿ. ಇನ್ನೊಂದು ಅಡುಗೆಮನೆ ನಲ್ಲಿಯಲ್ಲಿ, ಬೆಳಗ್ಗೆ ಎದ್ದು ಬಿಡುವ ಮೊದಲ ನೀರು. ಎರಡನೆಯದರಲ್ಲಿ ಮಾತ್ರ ಜಾಸ್ತಿ ಇದ್ದರೆ ಪ್ಲಂಬರ್‌ನ ಕರೆಸಿ, ಫಿಲ್ಟರ್ ಅಂಗಡಿಗೆ ಹೋಗುವ ಅವಸರವಿಲ್ಲ. ಎರಡರಲ್ಲೂ ಇದ್ದರೆ ಕುಡಿಯಲು, ಅಡುಗೆಗೆ ಆರ್‌ಒ ಹಾಕಿಸಿ. ಸೀಸದ ಮಟ್ಟಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ನೀರು ಕುದಿಸುವುದರಿಂದ ಉಪಯೋಗವಿಲ್ಲ. ನೀರು ಆವಿಯಾಗಿ ಸೀಸ ಇನ್ನಷ್ಟು ದಟ್ಟವಾಗುತ್ತದೆ. ಯುವಿ ದೀಪವೂ ಲೋಹ ತೆಗೆಯುವುದಿಲ್ಲ.

ಸ್ಯಾಂಪಲ್‌ಗೆ ಮನೆಯ ಹಳೇ ಬಾಟಲಿ ಬಳಸಬೇಡಿ. ಲ್ಯಾಬ್‌ನವರನ್ನೇ ಕೇಳಿ, ನೈಟ್ರಿಕ್ ಆಮ್ಲದ ಹನಿ ಹಾಕಿದ ಬಾಟಲಿ ಕೊಡುತ್ತಾರೆ. ಅದನ್ನು ತೊಳೆಯದೆ, ಆಮ್ಲ ಚೆಲ್ಲದೆ ಹಾಗೇ ನೀರು ತುಂಬಿಸಿ ಕೊಡಿ.